ಆಟ ಬಿಡದೆ ಎಂಬಿಬಿಎಸ್: ಯಾವ ಕ್ಯಾಂಪಸ್ ಯಾರಿಗೆ ಸರಿ?

ನೀಟ್ ರ‍್ಯಾಂಕ್ ಬಂದ ಮೇಲೆ ಮನೆಯಲ್ಲಿ ಮಾತೆಲ್ಲ ಫೀಸಿನದೇ. ಆಮೇಲೆ ಊರು ಎಷ್ಟು ದೂರ, ಆಸ್ಪತ್ರೆಗೆ ಪೇಷೆಂಟ್‌ಗಳು ಎಷ್ಟು ಬರುತ್ತಾರೆ, ಪಿ.ಜಿ. ಸೀಟು ಎಷ್ಟಿವೆ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟಕ್ಕೆ ಓಡಿದ ಹುಡುಗಿಗೆ, ಪಿಯುಸಿಯ ಎರಡು ವರ್ಷ ಬ್ಯಾಟನ್ನು ಅಟ್ಟಕ್ಕೆ ಹಾಕಿಟ್ಟ ಹುಡುಗನಿಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಅಪ್ಪ ಅಮ್ಮನ ಮುಂದೆ ಅದನ್ನು ಎತ್ತುವುದಕ್ಕೇ ಮುಜುಗರ. ‘ಅಲ್ಲಿ ಆಡೋಕೆ ಆಗುತ್ತಾ?’

ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹದಿನೆಂಟರಿಂದ ಇಪ್ಪತ್ತನಾಲ್ಕರವರೆಗಿನ ವಯಸ್ಸು. ದೇಹ ಚೆನ್ನಾಗಿ ಆಡುವ ಕಾಲವೇ ಅದು. ಹಾಗಾಗಿ ಪ್ರಶ್ನೆ ಸಣ್ಣದೇನಲ್ಲ. ಈ ಬರಹ ಆ ಪ್ರಶ್ನೆಗೆ ಮಾತ್ರ. ಯಾವ ಕಾಲೇಜಿನಲ್ಲಿ ಪಾಠ ಚೆನ್ನಾಗಿದೆ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ವೆಬ್‌ಸೈಟಿನಲ್ಲಿ ಹೊಳೆಯುವ ಮರದ ನೆಲದ ಬ್ಯಾಸ್ಕೆಟ್‌ಬಾಲ್ ಕೋರ್ಟ್ ನೋಡಿ ಮರುಳಾಗಬೇಡಿ. ನೋಡಬೇಕಾದ್ದು ಎರಡು. ಸಂಜೆ ಐದರಿಂದ ಏಳರವರೆಗೆ ನೀವು ಎಲ್ಲಿರುತ್ತೀರಿ? ನಿಮ್ಮ ಜೊತೆ, ನಿಮ್ಮ ಎದುರು ಆಡೋರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಕಾಲೇಜು ತಾನಾಗಿಯೇ ಬೇರೆ ಬೇರೆ ಗುಂಪಾಗಿ ಕಾಣುತ್ತದೆ.

ಮೊದಲು ಟೈಮಿನ ಲೆಕ್ಕ

2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ಕೋರ್ಸಿನ ಶುರುವಿಗೆ ಒಂದು ತಿಂಗಳ ಫೌಂಡೇಷನ್ ಕೋರ್ಸ್ ಬಂತು. ಅದರ 175 ಗಂಟೆಗಳಲ್ಲಿ 22 ಗಂಟೆ ಆಟ ಮತ್ತು ಪಠ್ಯೇತರ ಚಟುವಟಿಕೆಗೆ ಅಂತ ಇತ್ತು. ಅಂದರೆ ಆಟ ಕೂಡ ಓದಿನ ಭಾಗವೇ ಎಂದು ಕಾಗದದ ಮೇಲೆ ಒಪ್ಪಿಕೊಂಡಂತಾಯಿತು. ಕಾಗದ ಸರಿ. ಅದೇ ನಿಯಮಗಳಲ್ಲಿ ಥಿಯರಿಗೆ 75 ಶೇಕಡಾ, ಪ್ರಾಕ್ಟಿಕಲ್‌ಗೆ 80 ಶೇಕಡಾ ಹಾಜರಾತಿ ಕಡ್ಡಾಯ ಎಂಬ ಸಾಲೂ ಇದೆ. ಟೂರ್ನಮೆಂಟ್‌ಗೆ ಅಂತ ಒಂದು ವಾರ ಹೊರಗೆ ಹೋದರೆ ಈ ಸಾಲು ನೆನಪಾಗುತ್ತದೆ.

ಮೊದಲ ವರ್ಷ ಅನಾಟಮಿ ಹೆದರಿಸುತ್ತದೆ. ಆದರೂ ಸಂಜೆ ನಿಮ್ಮದೇ. ಎರಡನೇ ವರ್ಷ ಸ್ವಲ್ಪ ಹಗುರ. ಹೆಚ್ಚಿನವರು ಚೆನ್ನಾಗಿ ಆಡುವುದು ಆಗಲೇ. ಮೂರನೇ ವರ್ಷದ ನಂತರ ಪೋಸ್ಟಿಂಗ್ (ವಾರ್ಡುಗಳಲ್ಲಿ ಸರದಿಯ ಕಲಿಕೆ), ಕೇಸ್ ಪ್ರೆಸೆಂಟೇಷನ್, ಪಿ.ಜಿ. ಕೋಚಿಂಗ್ ಸೇರಿ ಸಂಜೆಯನ್ನು ತಿನ್ನುತ್ತವೆ. ಇಂಟರ್ನ್‌ಶಿಪ್‌ನಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಬೆಳಿಗ್ಗೆ ಶೂ ಲೇಸ್ ಕಟ್ಟುವ ಶಕ್ತಿಯೂ ಇರುವುದಿಲ್ಲ. ಹೀಗಾಗಿ ಮೈದಾನ ಹಾಸ್ಟೆಲಿನಿಂದ ಐದು ನಿಮಿಷ ದೂರ ಇದೆಯೋ, ನಲವತ್ತು ನಿಮಿಷ ದೂರ ಇದೆಯೋ ಎಂಬುದು ಮೊದಲ ವರ್ಷ ಗೊತ್ತಾಗುವುದಿಲ್ಲ. ಮೂರನೇ ವರ್ಷ ಚೆನ್ನಾಗಿ ಗೊತ್ತಾಗುತ್ತದೆ.

ಆದರೂ ಟೈಮ್ ಇಲ್ಲ ಎಂಬುದನ್ನು ಪೂರ್ತಿ ನಂಬಬೇಡಿ. ರೋಜರ್ ಬ್ಯಾನಿಸ್ಟರ್ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯ ಮೆಡಿಕಲ್ ವಿದ್ಯಾರ್ಥಿ. ಊಟದ ಬಿಡುವಿನಲ್ಲಿ ಹತ್ತಿರದ ಪ್ಯಾಡಿಂಗ್ಟನ್ ಮೈದಾನಕ್ಕೆ ಹೋಗಿ 440 ಗಜದ ಸುತ್ತನ್ನು ಹತ್ತು ಸಲ ವೇಗವಾಗಿ ಓಡಿ, ನಡುವೆ ಎರಡು ನಿಮಿಷ ಸುಧಾರಿಸಿಕೊಂಡು, ಮತ್ತೆ ವಾರ್ಡಿಗೆ ಬರುತ್ತಿದ್ದರು. 1954ರ ಮೇ 6ರಂದು ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದವರು ರೈಲು ಹತ್ತಿ ಆಕ್ಸ್‌ಫರ್ಡ್‌ಗೆ ಹೋದರು. ಸಂಜೆ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿದರು. ನಾಲ್ಕು ನಿಮಿಷದ ಗೋಡೆ ಬಿತ್ತು. ಆಸ್ಪತ್ರೆಯ ಪಕ್ಕದಲ್ಲೇ ಮೈದಾನ ಇದ್ದದ್ದು ಅವರ ಕೈ ಹಿಡಿಯಿತು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ನಮ್ಮಲ್ಲೂ ಇಂಥವರಿದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡದ ಮೊದಲ ನಾಯಕ ತಾಲಿಮೆರೆನ್ ಆವೊ. ನಾಗಾಲ್ಯಾಂಡಿನವರು. ಕಲ್ಕತ್ತೆಯ ಕಾರ್ಮೈಕಲ್ ಮೆಡಿಕಲ್ ಕಾಲೇಜಿನಲ್ಲಿ, ಅಂದರೆ ಇಂದಿನ ಆರ್.ಜಿ. ಕರ್ ಕಾಲೇಜಿನಲ್ಲಿ ಓದುತ್ತಲೇ ಮೋಹನ್ ಬಗಾನ್‌ಗೆ ಆಡುತ್ತಿದ್ದರು. ಒಲಿಂಪಿಕ್ಸ್ ಮುಗಿಸಿ ಬಂದು 1950ರಲ್ಲಿ ಎಂಬಿಬಿಎಸ್ ಮುಗಿಸಿದರು. ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಸಾಕ್ರಟೀಸ್ ಕೂಡ ಮೆಡಿಕಲ್ ಡಿಗ್ರಿ ಮುಗಿಸುವವರೆಗೆ ತಾನು ಓದುತ್ತಿದ್ದ ಊರಿನ ಬೊಟಾಫೊಗೊ ಕ್ಲಬ್ಬಿನಲ್ಲೇ ಉಳಿದರು. ದೊಡ್ಡ ಕ್ಲಬ್ ಕೊರಿಂಥಿಯನ್ಸ್‌ಗೆ ಹೋದದ್ದು ಆಮೇಲೆ, 1978ರಲ್ಲಿ. ಇವರೆಲ್ಲ ಅಪರೂಪದವರು, ನಿಜ. ಆದರೆ ಮೂವರೂ ಓದುತ್ತಿದ್ದ ಊರಿನಲ್ಲೇ ಆಡೋಕೆ ಜಾಗ ಕಂಡುಕೊಂಡಿದ್ದರು ಎಂಬುದನ್ನು ಗಮನಿಸಿ.

ಯೂನಿವರ್ಸಿಟಿ ಯಾವುದು? ಇದನ್ನು ಯಾರೂ ಕೇಳುವುದಿಲ್ಲ

ಎದೆಯ ಮೇಲೆ ಯೂನಿವರ್ಸಿಟಿ ಹೆಸರಿರುವ ಜೆರ್ಸಿ ಹಾಕಬೇಕು ಎಂಬ ಆಸೆ ಇರುವವರು ಈ ಭಾಗವನ್ನು ನಿಧಾನವಾಗಿ ಓದಿ. ಕಾಲೇಜಿಗಿಂತ ಅದರ ವಿಶ್ವವಿದ್ಯಾಲಯ ಯಾವುದು ಎಂಬುದೇ ಇಲ್ಲಿ ಮುಖ್ಯ.

ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಪ್ರತಿವರ್ಷ ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ನಡೆಸುತ್ತದೆ. ಟೀಮ್ ಆಟಗಳಲ್ಲಿ ಮೊದಲು ದಕ್ಷಿಣ ವಲಯದಂಥ ವಲಯ ಮಟ್ಟ, ಅಲ್ಲಿ ಗೆದ್ದವರಿಗೆ ಅಖಿಲ ಭಾರತ ಮಟ್ಟ. ಒಂದು ಯೂನಿವರ್ಸಿಟಿಗೆ ಒಂದೇ ತಂಡ. ಆ ತಂಡಕ್ಕೆ ಸೇರಬೇಕಾದರೆ ನೀವು ಯಾರ ಜೊತೆ ಪೈಪೋಟಿ ಮಾಡಬೇಕು?

ಮಣಿಪಾಲದ ಕೆಎಂಸಿ (ಕಸ್ತೂರ್ಬಾ ಮೆಡಿಕಲ್ ಕಾಲೇಜು) ಇರುವುದು ಮಾಹೆಯಲ್ಲಿ, ಅಂದರೆ ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಷನ್‌ನಲ್ಲಿ. ಅದು ಡೀಮ್ಡ್ ವಿಶ್ವವಿದ್ಯಾಲಯ, ಅಂದರೆ ತಾನೇ ಪದವಿ ಕೊಡುವ ಸಂಸ್ಥೆ. ಎಂಐಟಿಯ ಎಂಜಿನಿಯರಿಂಗ್ ಹುಡುಗರೂ ಅದೇ ಯೂನಿವರ್ಸಿಟಿ. ಸಾವಿರಾರು ಮಂದಿ. ಅವರಲ್ಲಿ ರಾಜ್ಯ ಮಟ್ಟದಲ್ಲಿ ಆಡಿ ಬಂದವರು ಇದ್ದೇ ಇರುತ್ತಾರೆ. ಅವರ ಟೈಮ್‌ಟೇಬಲ್ ನಿಮ್ಮದಕ್ಕಿಂತ ಸಡಿಲ. ಕ್ರಿಕೆಟ್, ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ತಂಡದಲ್ಲಿ ಜಾಗ ಗಿಟ್ಟಿಸುವುದು ಸುಲಭವಲ್ಲ. ಒಳ್ಳೆಯವರ ಜೊತೆ ಆಡಿ ನಿಮ್ಮ ಆಟ ಬೆಳೆಯುತ್ತದೆ, ಅದು ಲಾಭ. ತಂಡಕ್ಕೆ ಸೇರದೆ ಬೆಂಚಿನ ಆಚೆಗೇ ಉಳಿಯಬಹುದು, ಅದು ನಷ್ಟ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಥೆ ಬೇರೆ. 1996ರಲ್ಲಿ ಶುರುವಾದ ಇದರ ಕೆಳಗೆ ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಆಯುರ್ವೇದ ಅಂತ ನೂರಾರು ಕಾಲೇಜುಗಳಿವೆ. ಎಂಜಿನಿಯರಿಂಗ್ ಇಲ್ಲ, ಬಿ.ಕಾಂ. ಇಲ್ಲ, ಬಿ.ಪಿ.ಎಡ್. ಇಲ್ಲ. ಯೂನಿವರ್ಸಿಟಿಯೊಳಗಿನ ವಲಯ ಮಟ್ಟದಲ್ಲಿ ಆಡಿ, ಅಂತರ ವಲಯಕ್ಕೆ ಹೋಗಿ, ಅಲ್ಲಿಂದ ಯೂನಿವರ್ಸಿಟಿ ತಂಡಕ್ಕೆ ಆಯ್ಕೆ. ನಿಮ್ಮ ಎದುರು ನಿಂತವರೂ ನಿಮ್ಮ ಹಾಗೆ ಬೆಳಿಗ್ಗೆ ಪೋಸ್ಟಿಂಗ್ ಮುಗಿಸಿ ಬಂದವರೇ. ಶಟಲ್, ಟೇಬಲ್ ಟೆನಿಸ್, ಚೆಸ್, ಥ್ರೋಬಾಲ್‌ನಂಥ ಆಟಗಳಲ್ಲಿ ಮೆಡಿಕಲ್ ಹುಡುಗ ಹುಡುಗಿಯರಿಗೆ ಇಲ್ಲಿ ಅವಕಾಶ ಜಾಸ್ತಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಒಂದು ಎಚ್ಚರಿಕೆ. ಅಥ್ಲೆಟಿಕ್ಸ್‌ನಲ್ಲಿ ಈ ಮಾತು ನಡೆಯುವುದಿಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ನರ್ಸಿಂಗ್, ಫಿಸಿಯೋಥೆರಪಿ, ಆಯುರ್ವೇದ, ಪ್ರಕೃತಿ ಚಿಕಿತ್ಸೆ ಕಾಲೇಜುಗಳೂ ಇದೇ ಯೂನಿವರ್ಸಿಟಿಯ ಕೆಳಗೆ ಬರುತ್ತವೆ. ಸ್ವರಾಜ್ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ದಿನವೂ ಬೆವರು ಹರಿಸುವ ಕ್ರೀಡಾಪಟುಗಳು ಅವರು. ಯೂನಿವರ್ಸಿಟಿ ಕ್ರೀಡಾಕೂಟದ ಚಾಂಪಿಯನ್ ಪಟ್ಟಿಯಲ್ಲಿ ಆಳ್ವಾಸ್ ಹೆಸರು ಮತ್ತೆ ಮತ್ತೆ ಬರುತ್ತದೆ. ಅಲ್ಲಿ 400 ಮೀಟರ್ ಓಡಲು ನಿಂತರೆ ಫೈನಲ್ ತಲುಪುವುದೇ ಸಾಧನೆ. ಬೇಜಾರು ಮಾಡಿಕೊಳ್ಳಬೇಡಿ, ಅಂಥವರ ಪಕ್ಕದ ಲೇನಿನಲ್ಲಿ ಓಡಿದ್ದೂ ಒಂದು ಪಾಠವೇ.

ಇನ್ನುಳಿದ ಡೀಮ್ಡ್‌ಗಳು ನಡುವೆ ಎಲ್ಲೋ ಬರುತ್ತವೆ. ಬೆಳಗಾವಿಯ ಜೆಎನ್‌ಎಂಸಿ (ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು) ಇರುವ ಕೆಎಲ್‌ಇ ಡೀಮ್ಡ್ ವಿಶ್ವವಿದ್ಯಾಲಯ ಆರೋಗ್ಯ ವಿಜ್ಞಾನಕ್ಕೆ ಮೀಸಲು. ಹುಬ್ಬಳ್ಳಿಯ ಕೆಎಲ್‌ಇ ಟೆಕ್ ಬೇರೆಯೇ ಯೂನಿವರ್ಸಿಟಿ. ಆದ್ದರಿಂದ ಗುಂಪು ಸಣ್ಣದು, ತಂಡ ಸೇರುವುದು ಸಲೀಸು. ನಿಟ್ಟೆಯಲ್ಲಿ ಉಲ್ಟಾ. 2022ರಲ್ಲಿ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜೂ ಡೀಮ್ಡ್ ಒಳಗೆ ಬಂದ ಮೇಲೆ ದೇರಳಕಟ್ಟೆಯ ಮೆಡಿಕಲ್ ವಿದ್ಯಾರ್ಥಿಗಳಿಗೆ ಪೈಪೋಟಿ ಹೆಚ್ಚಾಗಿದೆ.

ವಯಸ್ಸಿನ ಮಿತಿಯೂ ನೆನಪಿರಲಿ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ 17ರಿಂದ 25 ವರ್ಷದೊಳಗಿನವರು ಮಾತ್ರ. ಹದಿನೆಂಟಕ್ಕೆ ಸೇರಿದರೆ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಬಾಗಿಲು ಮುಚ್ಚುವ ಹಂತದಲ್ಲಿರುತ್ತದೆ. ಮತ್ತೆ ನೀಟ್ ಬರೆಯಲು ಎರಡು ಸಲ ಲಾಂಗ್ ಟರ್ಮ್ ಕೋಚಿಂಗ್ ಮಾಡಿ ಸೇರಿದವರಿಗೆ ಇನ್ನೂ ಬೇಗ. ‘ಪಿ.ಜಿ.ಯಲ್ಲಿ ಆಡ್ತೀನಿ’ ಅನ್ನುವವರು ಈ ಲೆಕ್ಕ ಮಾಡಿಲ್ಲ ಅಂತ ಅರ್ಥ.

ಮಣಿಪಾಲ: ಮಳೆ ಬಂದರೂ ಆಟ ನಿಲ್ಲದ ಜಾಗ

ಸೌಲಭ್ಯದ ವಿಷಯಕ್ಕೆ ಬಂದರೆ ಕರ್ನಾಟಕದ ಮೆಡಿಕಲ್ ಕ್ಯಾಂಪಸ್ಸುಗಳಲ್ಲಿ ಮಣಿಪಾಲಕ್ಕೇ ಮೊದಲ ಜಾಗ ಕೊಡುತ್ತೇನೆ. ಅದಕ್ಕೆ ಕಾರಣ ದುಡ್ಡು ಮಾತ್ರ ಅಲ್ಲ, ಮಳೆ.

ಉಡುಪಿ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಮೈದಾನವನ್ನು ನಂಬಿಕೊಂಡರೆ ವರ್ಷದಲ್ಲಿ ನಾಲ್ಕು ತಿಂಗಳು ಕೈಕಟ್ಟಿ ಕೂರಬೇಕು. ಕೆಂಪು ಮುರಕಲ್ಲಿನ ನೆಲ, ಮೇಲೆ ಪಾಚಿ. ಓಡಿದರೆ ಜಾರುವುದೇ. ಅದಕ್ಕೇ ಅಲ್ಲಿ ಮರೀನಾ ಒಳಾಂಗಣ ಕ್ರೀಡಾ ಸಂಕೀರ್ಣಕ್ಕೆ ಇಷ್ಟು ಬೆಲೆ. ಬ್ಯಾಡ್ಮಿಂಟನ್, ಸ್ಕ್ವಾಷ್, ಟೆನಿಸ್, ಬ್ಯಾಸ್ಕೆಟ್‌ಬಾಲ್, ಟೇಬಲ್ ಟೆನಿಸ್, ಜಿಮ್, ಎಲ್ಲ ಒಂದೇ ಸೂರಿನ ಕೆಳಗೆ. ಹೊರಗೆ ಆಷಾಢದ ಮಳೆ ಸುರಿಯುತ್ತಿರಲಿ, ಒಳಗೆ ಶಟಲ್ ಹಾರುತ್ತಲೇ ಇರುತ್ತದೆ. ಸ್ಕ್ವಾಷ್ ಆಡುವವರಿಗಂತೂ ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕ್ಲಬ್ಬುಗಳನ್ನು ಬಿಟ್ಟರೆ ಇಂಥ ಜಾಗ ಸಿಗುವುದು ಕಷ್ಟ.

ಮಳೆ ನಿಂತ ಮೇಲೆ ಎಂಡ್ ಪಾಯಿಂಟ್. ಸ್ವರ್ಣಾ ನದಿಯ ಕಣಿವೆ ಕಾಣುವ ಗುಡ್ಡದ ತುದಿಯಲ್ಲಿ ಮೈದಾನ. ಬೆಳಿಗ್ಗೆ ಓಡುವವರಿಗೆ ಅದಕ್ಕಿಂತ ಚೆಂದದ ದಾರಿ ಬೇಡ. ಮಣಿಪಾಲ್ ಮ್ಯಾರಥಾನ್ ಬಂದ ಮೇಲೆ ಅಲ್ಲಿ ಓಡುವವರ ಗುಂಪುಗಳೂ ಬೆಳೆದಿವೆ. ಇನ್ನೊಂದು ಅನುಕೂಲ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಸ್ಟೆಲು, ಕಾಲೇಜು, ಆಸ್ಪತ್ರೆ, ಮೈದಾನ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಊರೇ ಕ್ಯಾಂಪಸ್, ಕ್ಯಾಂಪಸ್ಸೇ ಊರು.

ಇನ್ನು ದರ. ಎಂಬಿಬಿಎಸ್ ಫೀಸು ವರ್ಷಕ್ಕೆ ಹದಿನೈದು ಲಕ್ಷ ದಾಟುತ್ತದೆ. ಶಟಲ್ ಕೋರ್ಟ್ ನೋಡಿ ಯಾರೂ ಅಷ್ಟು ದುಡ್ಡು ಕಟ್ಟಬಾರದು. ಹೇಗೂ ಡೀಮ್ಡ್ ಸೀಟಿಗೇ ಹೋಗುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದ್ದರೆ ಮಾತ್ರ ಈ ಹೋಲಿಕೆಗೆ ಅರ್ಥ.

ಅದೇ ಮಾಹೆಯ ಮಂಗಳೂರು ಕೆಎಂಸಿಯನ್ನು ಮಣಿಪಾಲದ ತದ್ರೂಪು ಅಂದುಕೊಳ್ಳಬೇಡಿ. ಅದು ಹಂಪನಕಟ್ಟೆಯ ಸುತ್ತಮುತ್ತ ಹರಡಿದ ನಗರದ ಕಾಲೇಜು. ನಗರದ ಲಾಭ ಅದಕ್ಕಿದೆ. ಫುಟ್‌ಬಾಲ್ ಹುಚ್ಚಿನವರಿಗೆ ನೆಹರೂ ಮೈದಾನ, ಓಟದವರಿಗೆ ಮಂಗಳಾ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕ್. ಕ್ಯಾಂಪಸ್ಸಿನೊಳಗೇ ಎಲ್ಲ ಸಿಗಬೇಕು ಅನ್ನುವವರು ಮಣಿಪಾಲ ಆರಿಸಿ. ಊರಿನ ಕ್ಲಬ್ಬಿಗೆ ಸೇರಿ ಹೊರಗಿನವರ ಜೊತೆ ಆಡಬೇಕು ಅನ್ನುವವರಿಗೆ ಮಂಗಳೂರು ವಾಸಿ.

ಸರ್ಕಾರಿ ಕಾಲೇಜು: ಮೈದಾನ ಕಾಲೇಜಿನದಲ್ಲ, ಊರಿನದು

ರ‍್ಯಾಂಕ್ ಚೆನ್ನಾಗಿದ್ದರೆ ಹೆಚ್ಚಿನವರ ಮೊದಲ ಆಯ್ಕೆ ಬೆಂಗಳೂರು ಮೆಡಿಕಲ್ ಕಾಲೇಜು (ಬಿಎಂಸಿ). 1955ರ ಕಾಲೇಜು. ವಿಕ್ಟೋರಿಯಾ, ವಾಣಿ ವಿಲಾಸ, ಮಿಂಟೋ ಆಸ್ಪತ್ರೆಗಳ ನಡುವೆ, ಕೆ.ಆರ್. ಮಾರ್ಕೆಟ್ಟಿನ ಮಗ್ಗುಲಲ್ಲಿ. ಪೇಷೆಂಟ್‌ಗಳ ಸಾಗರ. ಆದರೆ ಜಾಗ? ನಗರದ ನಡುವಿನ ಹಳೆಯ ಕ್ಯಾಂಪಸ್ಸಿನಲ್ಲಿ ಹೊಸ ವಾರ್ಡ್ ಕಟ್ಟಬೇಕು ಅಂದಾಗ ಮೊದಲು ಕಣ್ಣು ಬೀಳುವುದು ಖಾಲಿ ಜಾಗದ ಮೇಲೆ. ಇದು ಒಂದು ಕಾಲೇಜಿನ ಕಥೆ ಅಲ್ಲ. ನಾಡಿನ ಎಲ್ಲ ಹಳೆಯ ಆಸ್ಪತ್ರೆ ಕ್ಯಾಂಪಸ್ಸುಗಳ ಕಥೆಯೂ ಇದೇ.

ಅದಕ್ಕೆ ಇಲ್ಲಿ ಲೆಕ್ಕ ಬೇರೆ ಹಾಕಬೇಕು. ಕಂಠೀರವ ಕ್ರೀಡಾಂಗಣ ದೂರವೇನಲ್ಲ. ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಕಬ್ಬನ್ ಪಾರ್ಕ್ ಕಡೆ ಇಳಿದರೆ ಆಯಿತು. ಮೆಟ್ರೋಗಿಂತ ಮುಂಚೆ ಓದಿದವರಿಗೆ ಈ ಸುಖ ಇರಲಿಲ್ಲ. ರಾಜ್ಯದ ಒಳ್ಳೆಯ ಕೋಚ್‌ಗಳು ಬೆಂಗಳೂರಿನಲ್ಲೇ ಇದ್ದಾರೆ. ಓಟ, ಈಜು, ಬ್ಯಾಡ್ಮಿಂಟನ್‌ನಂಥ ಒಬ್ಬರೇ ಕಲಿಯುವ ಆಟದವರಿಗೆ ಇದು ವರ. ಕೋಚ್ ಒಬ್ಬರು ಬೆಳಿಗ್ಗೆ ಆರಕ್ಕೆ ಬನ್ನಿ ಅಂದರೆ, ಎಂಟೂವರೆಗೆ ವಾಪಸ್ ಬಂದು ಕ್ಲಾಸಿಗೆ ಕೂರಬಹುದು. ಟೀಮ್ ಆಟದವರಿಗೆ ಮಾತ್ರ ಕಷ್ಟ. ಹನ್ನೊಂದು ಮಂದಿಯನ್ನು ದಿನವೂ ಮೆಟ್ರೋದಲ್ಲಿ ಕರೆದುಕೊಂಡು ಹೋಗೋಕೆ ಆಗುತ್ತಾ?

ಮೈಸೂರು ಮೆಡಿಕಲ್ ಕಾಲೇಜು ನನ್ನ ಮಟ್ಟಿಗೆ ಓಡುವವರ ಕಾಲೇಜು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ, ನಾಡಿನ ಹಿರಿಯ ಮೆಡಿಕಲ್ ಕಾಲೇಜಿದು. ನಜರ್‌ಬಾದಿನ ಚಾಮುಂಡಿ ವಿಹಾರ ಕ್ರೀಡಾಂಗಣ ಹತ್ತಿರವೇ. ದಸರಾ ಕ್ರೀಡಾಕೂಟ ನಡೆಯುವ ಜಾಗ ಅದು. ಕುಕ್ಕರಹಳ್ಳಿ ಕೆರೆಯ ಏರಿ ಇದೆ. ಕಾಲು ಗಟ್ಟಿ ಮಾಡಿಕೊಳ್ಳಬೇಕಾದರೆ ಬೆಟ್ಟದ ಸಾವಿರ ಮೆಟ್ಟಿಲು. ಇವು ಯಾವುವೂ ಕಾಲೇಜಿನ ಪ್ರಾಸ್ಪೆಕ್ಟಸ್‌ನಲ್ಲಿ ಇರುವುದಿಲ್ಲ. ಊರು ಸಣ್ಣದು, ಟ್ರಾಫಿಕ್ ಕಡಿಮೆ, ಹವಾ ಚೆನ್ನ. ಸೈಕಲ್ ಒಂದಿದ್ದರೆ ಇಡೀ ಊರೇ ನಿಮ್ಮ ಮೈದಾನ.

ಹುಬ್ಬಳ್ಳಿಯ ಕಾಲೇಜು 1957ರದು. ಜನ ಇನ್ನೂ ಕಿಮ್ಸ್ ಅಂತಲೇ ಕರೆಯುವ ಇದಕ್ಕೆ ವಿದ್ಯಾನಗರದಲ್ಲಿ ಕೈಕಾಲು ಚಾಚಲು ಜಾಗ ಇದೆ. ಬಳ್ಳಾರಿ, ಕಲಬುರಗಿ, ರಾಯಚೂರಿನ ಕಡೆ ಹೋಗುವವರಿಗೆ ಒಂದೇ ಮಾತು. ಮಾರ್ಚ್‌ನಿಂದ ಮೇವರೆಗಿನ ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಬೆಳಿಗ್ಗೆ ಏಳರೊಳಗೆ ಆಟ ಮುಗಿಯಬೇಕು. ಇಲ್ಲದಿದ್ದರೆ ಹೊನಲು ಬೆಳಕಿನ ಮೈದಾನ ಇರಬೇಕು. ಲೈಟ್ ಇದೆಯಾ, ಉರಿಯುತ್ತದೆಯಾ ಎಂದು ಕೇಳಿಕೊಳ್ಳುವುದು ಆ ಕಡೆ ಟರ್ಫ್‌ಗಿಂತ ಮುಖ್ಯ.

ಸೇಂಟ್ ಜಾನ್ಸ್ ಮತ್ತು ವೆಲ್ಲೂರು: ಸಂಪ್ರದಾಯ ಇರುವ ಮನೆಗಳು

ಮಿಷನ್ ಕಾಲೇಜುಗಳಲ್ಲಿ ಆಟದ ಸಂಪ್ರದಾಯ ಗಟ್ಟಿಯಾಗಿದೆ ಎಂಬ ಮಾತಿದೆ. ಅದು ಸುಮ್ನೆ ಹುಟ್ಟಿದ್ದಲ್ಲ. ಹೆಚ್ಚಿನ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲೇ ಇರುತ್ತಾರೆ. ಬ್ಯಾಚುಗಳ ನಡುವೆ, ಹಾಸ್ಟೆಲ್‌ಗಳ ನಡುವೆ ಪಂದ್ಯ. ಮೇಷ್ಟ್ರುಗಳೂ ಇಳಿದು ಆಡುತ್ತಾರೆ. ನಿನ್ನೆ ವೈವಾದಲ್ಲಿ ಬೆವರಿಳಿಸಿದ ಪ್ರೊಫೆಸರ್ ಇವತ್ತು ನಿಮ್ಮ ಬೌಲಿಂಗ್‌ಗೆ ಔಟಾಗುವ ಸುಖವೇ ಬೇರೆ.

ಬೆಂಗಳೂರಿನ ಸೇಂಟ್ ಜಾನ್ಸ್ 1963ರಲ್ಲಿ ಶುರುವಾದದ್ದು. ಕೋರಮಂಗಲದ ಒಂದೇ ಆವರಣದಲ್ಲಿ ಕಾಲೇಜು, ಆಸ್ಪತ್ರೆ, ಹಾಸ್ಟೆಲು, ಮೈದಾನ ಇವೆ. ಹೊರಗೆ ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ ಕೂಗುತ್ತಿದ್ದರೂ ಒಳಗಿನವರು ಐದು ನಿಮಿಷಕ್ಕೆ ಮೈದಾನದಲ್ಲಿರುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಇದಕ್ಕಿಂತ ದೊಡ್ಡ ಸೌಲಭ್ಯ ಬೇರೆ ಬೇಕಾ? ಅವರ ಆಟಮ್ ಮ್ಯೂಸ್ ಉತ್ಸವಕ್ಕೆ ಬೇರೆ ಊರುಗಳ ಮೆಡಿಕಲ್ ಕಾಲೇಜುಗಳೂ ಬರುತ್ತವೆ. ಯೂನಿವರ್ಸಿಟಿ ಮಟ್ಟಕ್ಕೆ ಬಂದರೆ ಇದೂ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೇ. ಅಂದರೆ ಮೇಲೆ ಹೇಳಿದ ಲಾಭವೂ ಇಲ್ಲಿ ಸಿಗುತ್ತದೆ. ತಂಡದ ಆಟ, ದಿನವೂ ಆಡುವ ಅಭ್ಯಾಸ, ಯೂನಿವರ್ಸಿಟಿ ಜೆರ್ಸಿ, ಈ ಮೂರೂ ಒಟ್ಟಿಗೆ ಬೇಕು ಅನ್ನುವವರಿಗೆ ರಾಜ್ಯದೊಳಗೆ ನನ್ನ ಮೊದಲ ಸಲಹೆ ಇದೇ.

ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ತಮಿಳುನಾಡಿನದಾದರೂ ನಮ್ಮಲ್ಲಿ ಬಹಳ ಜನ ಅದರ ಕಡೆ ನೋಡುತ್ತಾರೆ. ಕಾಲೇಜು ಬಾಗಾಯಂನಲ್ಲಿ, ಆಸ್ಪತ್ರೆ ಊರೊಳಗೆ. ನಡುವೆ ಕಾಲೇಜು ಬಸ್ಸು. ಹಾಸ್ಟೆಲು ಮೈದಾನದ ಕಡೆಯೇ ಇರುವುದರಿಂದ ಸಂಜೆ ಬಸ್ಸಿಳಿದರೆ ಆಟ. ಈ ಸಂಸ್ಥೆ ಕಟ್ಟಿದ ಡಾ. ಐಡಾ ಸ್ಕಡರ್ ಎಪ್ಪತ್ತು ದಾಟಿದ ಮೇಲೂ ಟೆನಿಸ್ ಆಡುತ್ತಿದ್ದವರು. ಅವರ ಸರ್ವ್ ಎದುರಿಸಿದ ಹುಡುಗಿಯರೇ ಮುಂದೆ ಡಾಕ್ಟರಾದರು. ನೀಟ್ ಬರುವ ಮುಂಚೆ ಅಲ್ಲಿ ಮೂರು ದಿನದ ಸಂದರ್ಶನ ಇತ್ತು. ಗುಂಪಿನಲ್ಲಿ ಮಾಡಬೇಕಾದ ಕೆಲಸಗಳನ್ನು ಕೊಟ್ಟು, ಯಾರು ಹೇಗೆ ಇನ್ನೊಬ್ಬರ ಜೊತೆ ಸೇರಿ ದುಡಿಯುತ್ತಾರೆ ಅಂತ ನೋಡುತ್ತಿದ್ದರು. ಬರೀ ಅಂಕ ಅಲ್ಲ, ಮನುಷ್ಯ ಹೇಗೆ ಎಂಬ ಆ ನೋಟ ಕ್ಯಾಂಪಸ್ಸಿನ ಆಟದಲ್ಲೂ ಉಳಿದುಕೊಂಡಿದೆ ಎಂದು ನನ್ನ ಅನಿಸಿಕೆ.

ಮೆಡಿಕಲ್ ಕಾಲೇಜುಗಳ ಆಟದ ಸಂಪ್ರದಾಯ ಅಂದಾಗ ಲಂಡನ್ನಿನ ಯುನೈಟೆಡ್ ಹಾಸ್ಪಿಟಲ್ಸ್ ಕಪ್ ನೆನಪಾಗಲೇಬೇಕು. ಅಲ್ಲಿನ ಆಸ್ಪತ್ರೆ ಕಾಲೇಜುಗಳು ತಮ್ಮತಮ್ಮಲ್ಲೇ 1875ರಿಂದ ರಗ್ಬಿ ಆಡುತ್ತಿವೆ. ಜಗತ್ತಿನ ಅತ್ಯಂತ ಹಳೆಯ ರಗ್ಬಿ ಕಪ್‌ಗಳಲ್ಲಿ ಅದೂ ಒಂದು. ಕಾಲೇಜುಗಳು ಒಂದರೊಳಗೊಂದು ಸೇರಿ ಹೆಸರು ಬದಲಾದರೂ ಪಂದ್ಯ ನಿಂತಿಲ್ಲ. ನಮ್ಮಲ್ಲಿ ಅಂಥದ್ದು ಇನ್ನೂ ಹುಟ್ಟಿಲ್ಲ. ಬಿಎಂಸಿಗೂ ಮೈಸೂರಿಗೂ ಪ್ರತಿವರ್ಷ ಒಂದು ಕ್ರಿಕೆಟ್ ಪಂದ್ಯ ಇಟ್ಟುಕೊಂಡರೆ ಹೇಗಿರುತ್ತಿತ್ತು ಅಂತ ಆಗಾಗ ಅನಿಸುತ್ತದೆ. ಎರಡೂ ಕಡೆ ಹಳೆಯ ವಿದ್ಯಾರ್ಥಿಗಳು ಸಾಕಷ್ಟಿದ್ದಾರೆ. ದುಡ್ಡಿಗೂ ಕೊರತೆ ಇಲ್ಲ!

ಈಜುಗಾರರಿಗೆ ಒಂದು ಮಾತು

ಈಜು ನಿಮ್ಮ ಆಟವಾದರೆ ಬೆಳಗಾವಿಯನ್ನು ಪಟ್ಟಿಯಲ್ಲಿ ಮೇಲೆ ಹಾಕಿ. ಕೆಎಲ್‌ಇಯ ಸುವರ್ಣ ಜೆಎನ್‌ಎಂಸಿ ಈಜುಕೊಳ ಒಲಿಂಪಿಕ್ ಅಳತೆಯದು. ಊರಿನ ಈಜುಗಾರರೂ ಅಲ್ಲೇ ಅಭ್ಯಾಸ ಮಾಡುತ್ತಾರೆ. ಮೆಡಿಕಲ್ ಕಾಲೇಜಿನ ಹೆಸರಿನಲ್ಲೇ ಅಂಥ ಕೊಳ ಇರುವುದು ಅಪರೂಪ.

ಪುಣೆಯ ಎಎಫ್‌ಎಂಸಿ: ಆಟ ಇಷ್ಟ ಅಲ್ಲ, ದಿನಚರಿ

ಬೇರೆ ಕಡೆ ಆಟವನ್ನು ನೀವು ಹುಡುಕಿಕೊಂಡು ಹೋಗಬೇಕು. ಇಲ್ಲಿ ಅದೇ ನಿಮ್ಮನ್ನು ಬೆಳಿಗ್ಗೆ ಎಬ್ಬಿಸುತ್ತದೆ. ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು 1948ರಲ್ಲಿ ಶುರುವಾಯಿತು. ಎಂಬಿಬಿಎಸ್ ವಿಭಾಗ 1962ರಲ್ಲಿ. ಇಲ್ಲಿನ ವಿದ್ಯಾರ್ಥಿಗಳು ಕೆಡೆಟ್‌ಗಳು. ಪಿ.ಟಿ., ಡ್ರಿಲ್, ಆಟ ಎಲ್ಲ ವೇಳಾಪಟ್ಟಿಯಲ್ಲೇ ಬರುತ್ತವೆ. ನೀಟ್ ಅಂಕ ಒಂದೇ ಸಾಲದು. ಅವರದೇ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಎಲ್ಲ ದಾಟಬೇಕು. ಹೆಣ್ಣುಮಕ್ಕಳಿಗೆ ಸೀಟು ಹುಡುಗರಿಗಿಂತ ತುಂಬ ಕಡಿಮೆ.

ಕೊಡಗಿನ ಮನೆಗಳಲ್ಲಿ ಈ ಕಾಲೇಜಿನ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಹಾಕಿ ಸ್ಟಿಕ್ ಮತ್ತು ಸೈನ್ಯ ಎರಡೂ ಇರುವ ಮನೆಗೆ ಇದು ಹೇಳಿ ಮಾಡಿಸಿದ ದಾರಿ. ಸ್ಪೋರ್ಟ್ಸ್ ಮೆಡಿಸಿನ್ ಓದುವ ಆಸೆ ಇರುವವರಿಗೂ ಒಂದು ಕಾರಣ ಇದೆ. ಆ ವಿಷಯದಲ್ಲಿ ಎಂ.ಡಿ. ಮಾಡಿಸುವ ದೇಶದ ಕೆಲವೇ ಜಾಗಗಳಲ್ಲಿ ಇದೂ ಒಂದು. ಆದರೆ ಬಾಂಡ್ ಇದೆ. ಓದು ಮುಗಿದ ಮೇಲೆ ಸೇನಾ ವೈದ್ಯಕೀಯ ಸೇವೆ. ನಡುವೆ ಬಿಟ್ಟರೆ ದೊಡ್ಡ ಮೊತ್ತ ಕಟ್ಟಬೇಕು. ಆಟ ಚೆನ್ನಾಗಿದೆ ಅಂತ ಮಾತ್ರ ಇಲ್ಲಿಗೆ ಹೋಗಬೇಡಿ. ಸಮವಸ್ತ್ರ ಇಷ್ಟವಿದ್ದರೆ ಹೋಗಿ. ಆಗ ಆಟ ಲಾಭದ ಲೆಕ್ಕ.

ದೆಹಲಿಯ ಏಮ್ಸ್, ಪುದುಚೇರಿಯ ಜಿಪ್ಮರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಸೀಟು ಸಿಗುವ ರ‍್ಯಾಂಕ್ ಬಂದರೆ ಮೈದಾನ ನೋಡಿ ಬೇಡ ಅನ್ನುವವರು ಯಾರೂ ಇಲ್ಲ. ಏಮ್ಸ್‌ನ ಪಲ್ಸ್, ಜಿಪ್ಮರ್‌ನ ಸ್ಪಂದನ್ ಉತ್ಸವಗಳಲ್ಲಿ ಆಟಕ್ಕೂ ಜಾಗ ಇದೆ. ದೇಶದ ನಾನಾ ಕಡೆಯ ಮೆಡಿಕಲ್ ತಂಡಗಳು ಬರುತ್ತವೆ. ನೀವು ಯಾವ ಕಾಲೇಜಿನಲ್ಲಿದ್ದರೂ ನಿಮ್ಮ ತಂಡ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬರಬಹುದು. ಅದನ್ನು ಖಂಡಿತ ಮಾಡಿ.

ಹುಡುಗಿಯರು ಬೇರೆಯೇ ಕೇಳಬೇಕಾದ ಪ್ರಶ್ನೆಗಳು

ಸೌಲಭ್ಯ ಇದೆ ಅಂತ ಕಾಲೇಜು ಹೇಳುತ್ತದೆ. ಅದು ಯಾರಿಗೆ, ಎಷ್ಟು ಹೊತ್ತಿನವರೆಗೆ ಎಂದು ಹೇಳುವುದಿಲ್ಲ. ಲೇಡೀಸ್ ಹಾಸ್ಟೆಲಿನ ಗೇಟು ಎಷ್ಟಕ್ಕೆ ಮುಚ್ಚುತ್ತದೆ? ಆರೂವರೆಗೆ ಮುಚ್ಚಿದರೆ ರಾತ್ರಿ ಹತ್ತರವರೆಗೆ ಲೈಟ್ ಉರಿಯುವ ಕೋರ್ಟ್ ನಿಮ್ಮದಲ್ಲ. ಜಿಮ್‌ನಲ್ಲಿ ಹುಡುಗಿಯರಿಗೆ ಬೇರೆ ಟೈಮ್ ಇದೆಯಾ? ಇದ್ದರೆ ಆ ಟೈಮ್ ಕ್ಲಾಸಿನ ಹೊತ್ತಿಗೇ ಬೀಳುತ್ತದಾ? ಮೈದಾನದ ಪಕ್ಕ ಬಟ್ಟೆ ಬದಲಿಸೋಕೆ ರೂಮು, ನೀರು ಬರುವ ಟಾಯ್ಲೆಟ್ ಇವೆಯಾ?

ತಂಡದ ಲೆಕ್ಕವೂ ಬೇರೆ. 150 ಸೀಟಿನ ಬ್ಯಾಚಿನಲ್ಲಿ ಅರ್ಧ ಹುಡುಗಿಯರು ಇದ್ದರೂ ಫುಟ್‌ಬಾಲಿಗೆ ಹನ್ನೊಂದು ಮಂದಿ ಕೂಡುವುದು ಕಷ್ಟ. ಥ್ರೋಬಾಲ್‌ಗೆ ಕೂಡುತ್ತಾರೆ. ನಮ್ಮ ಕಡೆ ಶಾಲೆಯಿಂದಲೇ ಎಲ್ಲರೂ ಆಡಿರುತ್ತಾರೆ. ಹಾಗಾಗಿ ನಿಮ್ಮ ಆಟಕ್ಕೆ ಆ ಕಾಲೇಜಿನಲ್ಲಿ ಈಗ ಹುಡುಗಿಯರ ತಂಡ ಇದೆಯಾ ಅಂತ ನೇರವಾಗಿ ಕೇಳಿ. ‘ನೀವು ಬಂದರೆ ಮಾಡೋಣ’ ಅಂದರೆ ಇಲ್ಲ ಅಂತ ತಿಳಿದುಕೊಳ್ಳಿ.

ಕಾಲೇಜು ನೋಡೋಕೆ ಹೋದಾಗ

ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಮೈದಾನ ನೋಡಿ ಬರಬೇಡಿ. ಆ ಹೊತ್ತಿಗೆ ಎಲ್ಲ ಮೈದಾನವೂ ಖಾಲಿ, ಎಲ್ಲವೂ ಚೆಂದ. ಸಂಜೆ ಆರಕ್ಕೆ ಹೋಗಿ. ಯಾರು ಆಡುತ್ತಿದ್ದಾರೆ ನೋಡಿ. ಮೆಡಿಕಲ್ ಹುಡುಗರಾ, ಹೊರಗಿನಿಂದ ಬಾಡಿಗೆ ಕೊಟ್ಟು ಬಂದವರಾ? ಮೈದಾನದಲ್ಲಿ ಕಾರು ನಿಂತಿದ್ದರೆ, ಮದುವೆಯ ಪೆಂಡಾಲಿನ ಗೂಟ ಇನ್ನೂ ಕಿತ್ತಿಲ್ಲದಿದ್ದರೆ ಉತ್ತರ ಸಿಕ್ಕಂತೆಯೇ. ಇನ್‌ಡೋರ್ ಹಾಲ್ ಇದ್ದರೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಕೇಳಿ. ‘ಆಫೀಸ್‌ನಲ್ಲಿ ಲೆಟರ್ ಕೊಟ್ಟರೆ ಕೊಡ್ತಾರೆ’ ಅನ್ನುವ ಕಡೆ ವರ್ಷಕ್ಕೆ ಎರಡು ಸಲ ಬಾಗಿಲು ತೆರೆಯುತ್ತದೆ, ಒಂದು ಉದ್ಘಾಟನೆಗೆ, ಇನ್ನೊಂದು ಇನ್‌ಸ್ಪೆಕ್ಷನ್‌ಗೆ.

ಫಸ್ಟ್ ಇಯರಿನವರನ್ನು ಮಾತಾಡಿಸಿ ಉಪಯೋಗ ಕಡಿಮೆ, ಅವರಿಗೆ ಎಲ್ಲವೂ ಹೊಸದು. ಮೂರನೇ ವರ್ಷದವರನ್ನು ಹಿಡಿಯಿರಿ. ‘ಕಳೆದ ತಿಂಗಳು ಎಷ್ಟು ಸಲ ಆಡಿದಿರಿ?’ ಅಂತ ಕೇಳಿ. ಟೂರ್ನಮೆಂಟ್‌ಗೆ ಹೋದಾಗ ಅಟೆಂಡೆನ್ಸ್ ಕೊಟ್ಟರಾ, ಬಸ್ಸಿನ ಖರ್ಚು ಯಾರು ಹಾಕಿದರು, ಇಂಟರ್ನಲ್ಸ್ ತಪ್ಪಿದರೆ ಮತ್ತೆ ಬರೆಯೋಕೆ ಬಿಟ್ಟರಾ? ಪಿ.ಡಿ. ಸರ್ ಇದ್ದಾರಾ, ಅಥವಾ ಹುದ್ದೆ ಖಾಲಿಯಾ? ಒಳ್ಳೆಯ ಫಿಸಿಕಲ್ ಡೈರೆಕ್ಟರ್ ಒಬ್ಬರಿದ್ದರೆ ಮಣ್ಣಿನ ಮೈದಾನದಲ್ಲೂ ತಂಡ ಹುಟ್ಟುತ್ತದೆ. ಅವರಿಲ್ಲದ ಕಡೆ ಟರ್ಫ್ ಮೇಲೆ ಧೂಳು ಕೂರುತ್ತದೆ.

ಹಾಗಾದರೆ ಯಾವುದು?

ನೀವು ರಾಜ್ಯ ಮಟ್ಟದಲ್ಲಿ ಆಡಿದವರು, ಆಟ ಒಬ್ಬರೇ ಆಡುವಂಥದ್ದು, ಕೋಚ್ ಬೇಕು ಅಂದರೆ ಬೆಂಗಳೂರಿನೊಳಗಿನ ಕಾಲೇಜು. ಸರ್ಕಾರಿ ಸೀಟು ಸಿಕ್ಕರೆ ಉಳಿದ ದುಡ್ಡು ಕೋಚಿಂಗ್‌ಗೆ ಹಾಕಿ. ಟೀಮ್ ಆಟದವರು, ಯೂನಿವರ್ಸಿಟಿಗೆ ಆಡಬೇಕು ಅನ್ನುವವರು ಸೇಂಟ್ ಜಾನ್ಸ್, ಆಮೇಲೆ ಹುಬ್ಬಳ್ಳಿ ಅಥವಾ ಮೈಸೂರು. ಪದಕದ ಚಿಂತೆ ಇಲ್ಲ, ದಿನಕ್ಕೊಂದು ಗಂಟೆ ಮೈ ಬೆವರಬೇಕು, ಮಳೆ ಬಿಸಿಲಿನ ನೆಪ ಬೇಡ ಅನ್ನುವವರಿಗೆ, ಮನೆಯಲ್ಲಿ ಫೀಸಿನ ಶಕ್ತಿ ಇದ್ದರೆ, ಮಣಿಪಾಲ. ಇದುವರೆಗೆ ಏನೂ ಆಡಿಲ್ಲ, ಈಗ ಶುರು ಮಾಡಬೇಕು ಅನ್ನುವವರಿಗೂ ಮಣಿಪಾಲ ಒಳ್ಳೆಯದು. ನಾಲ್ಕಾರು ಆಟ ಒಂದೇ ಕಡೆ ಇದ್ದಾಗ ಯಾವುದು ಹಿಡಿಸುತ್ತದೆ ಅಂತ ಆಡಿ ನೋಡಬಹುದು. ಶಿಸ್ತು ಹೊರಗಿನಿಂದ ಬಂದರೆ ಮಾತ್ರ ನಾನು ಏಳುವುದು ಅನ್ನುವವರಿಗೆ ಪುಣೆ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವಾಗ, ಆಟಕ್ಕೆ ಎಷ್ಟು ತೂಕ ಕೊಡಬೇಕು? ಫೀಸು, ಪೇಷೆಂಟ್‌ಗಳ ಸಂಖ್ಯೆ, ಊರು ಇವುಗಳ ಮೇಲೆ ಪಟ್ಟಿ ಮಾಡಿ. ಮೇಲೆ ಕೆಳಗೆ ಎರಡು ಕಾಲೇಜು ಹೆಚ್ಚುಕಡಿಮೆ ಒಂದೇ ಅನಿಸಿದ ಕಡೆ ಮಾತ್ರ ಮೈದಾನ ನೋಡಿ ತೀರ್ಮಾನಿಸಿ. ಅಂಥ ಜೋಡಿಗಳು ಪಟ್ಟಿಯಲ್ಲಿ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತವೆ. ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಬಂದ ಮೇಲೆ ಕ್ರಮ ಬದಲಿಸಲು ಒಂದೆರಡು ದಿನ ಸಿಗುತ್ತದೆ. ಸಂಜೆ ಆರರ ಆ ಭೇಟಿಯನ್ನು ಅಷ್ಟರೊಳಗೆ ಮುಗಿಸಿಕೊಳ್ಳಿ.